ನಾಯ್ಸ್ ಕ್ಯಾನ್ಸಲಿಂಗ್ ಹಾಕಿದ ಮೇಲೂ ಎದುರು ಮನೆ ಮಾತು ಕೇಳ್ತಿದೆ, ಯಾಕೆ?

ನೀಲಿಕೊಡೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಮುಖ್ಯರಸ್ತೆಗೆ ಅಂಟಿಕೊಂಡಿರುವ ಎರಡನೇ ಮಹಡಿಯ ಮನೆ ನಮ್ಮದು. ವಾರಕ್ಕೆ ನಾಲ್ಕು ದಿನ ಮನೆಯಿಂದಲೇ ಕೆಲಸ. ಅರ್ಧ ದಿನ ಫೋನಿನಲ್ಲೇ ಕಳೆಯುತ್ತದೆ. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ, ಬೆಳಗ್ಗೆಯಿಂದ ಟೈಲ್ಸ್ ಕಟ್ ಮಾಡುವ ಮಷೀನು. ಕರೆಂಟ್ ಹೋದರೆ ಕೆಳಗಿನ ಅಂಗಡಿಯ ಜನರೇಟರ್. ಇದರ ಮಧ್ಯೆ ನಮ್ಮದೇ ಮಿಕ್ಸಿ, ಎದುರು ಮನೆ ಅಜ್ಜಿಯ ಮಾತು.

ಹೋದ ತಿಂಗಳು ₹2,500 ಕೊಟ್ಟು ಇಯರ್‌ಬಡ್ಸ್ ತಗೊಂಡೆ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ನಾಯ್ಸ್ ಕ್ಯಾನ್ಸಲೇಷನ್ ಅಂತಿದೆ. ಹಾಕಿಕೊಂಡರೆ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ. ಆಮೇಲೆ ಆಫೀಸಿನ ಗೆಳತಿಯ ದುಬಾರಿ ಹೆಡ್‌ಫೋನ್ ಒಂದು ದಿನ ತಂದು ನೋಡಿದೆ. ಜನರೇಟರ್ ಸದ್ದು ಮಾಯ! ಆದರೆ ಎದುರು ಮನೆ ಅಜ್ಜಿ ಮಗಳ ಜೊತೆ ಫೋನಿನಲ್ಲಿ ಮಾತಾಡುವುದು ಮೊದಲಿಗಿಂತ ಚೆನ್ನಾಗಿ ಕೇಳಿಸಿತು. ಅಷ್ಟು ದೊಡ್ಡ ಜನರೇಟರನ್ನು ತಡೆಯುವ ವಸ್ತುವಿಗೆ ಅಜ್ಜಿಯ ದನಿ ತಡೆಯಲು ಆಗಲಿಲ್ಲ ಅಂದರೆ ಹೇಗೆ? ಯಾರಾದರೂ ಬಿಡಿಸಿ ಹೇಳ್ತೀರಾ? ₹20,000 ಹಾಕುವ ಮುಂಚೆ ತಿಳ್ಕೊಬೇಕು.

ರಾತ್ರಿಪಾಳಿ

ಡಬ್ಬಿ ಇನ್ನೊಮ್ಮೆ ನೋಡಿ ಅಕ್ಕ. ಎಎನ್‌ಸಿ ಅಂತ ಇದೆಯಾ, ಇಎನ್‌ಸಿ ಅಂತ ಇದೆಯಾ?

ನೀಲಿಕೊಡೆ

ಇಎನ್‌ಸಿ! ಕೆಳಗೆ ಸಣ್ಣದಾಗಿ ಬರೆದಿದ್ದಾರೆ. ಎರಡೂ ಬೇರೆ ಬೇರೆನಾ?

ರಾತ್ರಿಪಾಳಿ

ಪೂರ್ತಿ ಬೇರೆ. ಇಎನ್‌ಸಿ ಕೆಲಸ ಮಾಡುವುದು ನಿಮ್ಮ ಮೈಕಿನ ಮೇಲೆ. ನೀವು ಮಾತಾಡುವಾಗ ಸುತ್ತಲಿನ ಗದ್ದಲ ಸೋಸಿ ನಿಮ್ಮ ದನಿಯನ್ನು ಆ ಕಡೆ ಕಳಿಸುತ್ತದೆ. ಅಂದರೆ ನೆಮ್ಮದಿ ಫೋನಿನ ಆ ಕಡೆ ಇರುವವರಿಗೆ, ನಿಮ್ಮ ಕಿವಿಗಲ್ಲ. ನಿಮ್ಮ ಕಿವಿಗೆ ಬೀಳುವ ಸದ್ದು ಇಳಿಸುವುದು ಎಎನ್‌ಸಿ. ದುಡ್ಡು ದಂಡವಾಯ್ತು ಅಂದುಕೊಳ್ಳಬೇಡಿ, ಆಫೀಸ್ ಕಾಲ್‌ಗೆ ಅದು ಬೇಕಾದದ್ದೇ. ಆದರೆ ಅಂಗಡಿಯಲ್ಲಿ ಎರಡನ್ನೂ ಒಂದೇ ಅಂತ ಹೇಳಿ ಮಾರುವುದು ನನಗೂ ಆಗಿದೆ. ಕೊಳ್ಳುವವರು ಆ ಮೊದಲ ಅಕ್ಷರ ಓದಲೇಬೇಕು.

ಮೈಕ್‌ಸೆಟ್ ಮಾವ

ತಂಗಿ, ನಾನು ಹೊನ್ನಾವರದ ಕಡೆಯವನು. ಮೂವತ್ತು ವರ್ಷದಿಂದ ಯಕ್ಷಗಾನಕ್ಕೆ, ಮದುವೆಗೆ, ಗಣಪತಿ ಹಬ್ಬಕ್ಕೆ ಮೈಕ್‌ಸೆಟ್ ಹಾಕುತ್ತಾ ಬಂದಿದ್ದೇನೆ. ನಿನ್ನ ಪ್ರಶ್ನೆಗೆ ಒಂದು ರಾತ್ರಿ ನಡೆದದ್ದು ಹೇಳ್ತೇನೆ.

ಯಕ್ಷಗಾನದ ಆಟಕ್ಕೆ ಎರಡು ದೊಡ್ಡ ಸ್ಪೀಕರ್ ಬಾಕ್ಸ್ ಅಕ್ಕಪಕ್ಕ ಇಟ್ಟಿದ್ದೆವು. ಹೊಸದಾಗಿ ಸೇರಿದ ಹುಡುಗ ವಯರ್ ಕೊಟ್ಟಿದ್ದ. ಭಾಗವತರು ಕೂತರು, ಮದ್ದಳೆ ಶುರುವಾಯಿತು. ಮದ್ದಳೆಯ ಟಕ್ ಕೇಳ್ತದೆ, ಗುಂ ಕೇಳುವುದಿಲ್ಲ! ತಗಡು ಬಡಿದ ಹಾಗೆ. ಆಂಪ್ಲಿಫೈಯರ್ ಏರಿಸಿದೆ, ಉಪಯೋಗ ಇಲ್ಲ. ಕಡೆಗೆ ಒಂದು ಬಾಕ್ಸಿನ ವಯರ್ ಕಿತ್ತೆ. ಗುಂ ವಾಪಸ್ ಬಂತು! ಎರಡು ಬಾಕ್ಸ್ ಇದ್ದಾಗ ಬಾರದ ಸದ್ದು ಒಂದೇ ಬಾಕ್ಸಿಗೆ ಬಂತು.

ಆಗಿದ್ದು ಇಷ್ಟೇ. ಹುಡುಗ ಒಂದು ಬಾಕ್ಸಿಗೆ ಕೆಂಪು ವಯರ್ ಇರುವಲ್ಲಿ ಕಪ್ಪು ಕೊಟ್ಟಿದ್ದ. ಸದ್ದು ಅಂದರೆ ಗಾಳಿಯನ್ನು ತಳ್ಳುವುದು, ಎಳೆಯುವುದು. ಒಂದು ಬಾಕ್ಸಿನ ಕೋನ್ ಗಾಳಿಯನ್ನು ಮುಂದೆ ತಳ್ಳುವ ಹೊತ್ತಿಗೆ ಇನ್ನೊಂದರ ಕೋನ್ ಹಿಂದೆ ಎಳೆಯುತ್ತಿತ್ತು. ತಳ್ಳಿದ್ದಕ್ಕೂ ಎಳೆದದ್ದಕ್ಕೂ ಸರಿಹೋಯಿತು. ಕಿವಿಗೆ ಬಂದ ಗುಂ ಹತ್ತಿರ ಹತ್ತಿರ ಸೊನ್ನೆ.

ಹೆಡ್‌ಫೋನ್ ಒಳಗೆ ಬೇಕೆಂದೇ ಮಾಡುವುದು ಇದನ್ನೇ. ಹೊರಗಡೆ ಒಂದು ಸಣ್ಣ ಮೈಕ್ ಇರ್ತದೆ. ಅದು ಜನರೇಟರ್ ಸದ್ದು ಕೇಳಿಸಿಕೊಳ್ತದೆ. ಒಳಗಿನ ಚಿಪ್ ಅದನ್ನು ತಲೆಕೆಳಗು ಮಾಡಿ, ಅಂದರೆ ಕೆಂಪು ಕಪ್ಪು ಅದಲುಬದಲು ಮಾಡಿ, ಕಿವಿ ಹತ್ತಿರದ ಸ್ಪೀಕರಿಗೆ ಕೊಡ್ತದೆ. ಒಳ್ಳೆಯ ಹೆಡ್‌ಫೋನಿನಲ್ಲಿ ಕಿವಿಯ ಕಡೆಗೂ ಇನ್ನೊಂದು ಮೈಕ್ ಇರ್ತದೆ. ಇನ್ನೂ ಎಷ್ಟು ಸದ್ದು ಉಳಿದಿದೆ ಅಂತ ಅದು ನೋಡ್ತಾ ಇರ್ತದೆ, ಚಿಪ್ ಅಷ್ಟಷ್ಟೇ ತಿದ್ದುತ್ತಾ ಹೋಗ್ತದೆ.

ಮದ್ದಳೆಯ ಟಕ್ ಯಾಕೆ ಉಳಿಯಿತು ಅಂತ ಯೋಚನೆ ಮಾಡು. ನಿಮ್ಮ ಅಜ್ಜಿಯ ದನಿ ಉಳಿದದ್ದೂ ಅದೇ ಕಾರಣಕ್ಕೆ. ಲೆಕ್ಕ ನನ್ನ ಕೈಲಿ ಆಗುವುದಿಲ್ಲ. ಮೇಷ್ಟ್ರು ಇದ್ದರೆ ಹೇಳಲಿ.

ಫಿಸಿಕ್ಸ್ ಮೇಷ್ಟ್ರು

ಮಾವನವರು ಅರ್ಧ ಪಾಠ ಮುಗಿಸಿಬಿಟ್ಟಿದ್ದಾರೆ. ನಾನು ಪಿಯುಸಿ ಮಕ್ಕಳಿಗೆ ಅಲೆಗಳ ಪಾಠ ಮಾಡುವಾಗ ಇನ್ನು ಮೇಲೆ ಈ ಮದ್ದಳೆ ಕಥೆಯನ್ನೇ ಹೇಳುತ್ತೇನೆ.

ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಸೆಕೆಂಡಿಗೆ 100 ಸಲ ಕಂಪಿಸುವ ಗುಂಯ್ ಸದ್ದನ್ನು ತಗೊಳ್ಳಿ. ಅದರ ಒಂದು ಅಲೆ 3.4 ಮೀಟರ್ ಉದ್ದ, ಒಂದು ಕೋಣೆಯಷ್ಟು. ಸೆಕೆಂಡಿಗೆ 5000 ಸಲ ಕಂಪಿಸುವ ಕೀರಲು ಸದ್ದಿನ ಅಲೆ ಬರೀ 7 ಸೆಂಟಿಮೀಟರ್, ನಿಮ್ಮ ಅಂಗೈ ಅಗಲ.

ಈಗ ಚಿಪ್ ಸ್ವಲ್ಪ ತಡ ಮಾಡಿತು ಅನ್ನಿ. ಜಾಸ್ತಿ ಬೇಡ, ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಪಾಲು. ಅಷ್ಟರಲ್ಲಿ ಸದ್ದು 3.4 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಕೋಣೆಯಷ್ಟು ಉದ್ದದ ಅಲೆಗೆ ಇದು ಲೆಕ್ಕಕ್ಕೇ ಇಲ್ಲ, ನೂರರಲ್ಲಿ ಒಂದು ಪಾಲು. ತಳ್ಳುವುದರ ಎದುರು ಎಳೆಯುವುದು ಸರಿಯಾಗಿ ಕೂತಿರುತ್ತದೆ. ಆದರೆ ಅಂಗೈ ಅಗಲದ ಅಲೆಗೆ 3.4 ಸೆಂಟಿಮೀಟರ್ ಅಂದರೆ ಅರ್ಧ ಅಲೆ. ಎಳೆಯಬೇಕಾದ ಹೊತ್ತಿಗೆ ಸ್ಪೀಕರ್ ತಳ್ಳುತ್ತದೆ. ಸದ್ದು ಇಳಿಯುವುದು ಬಿಟ್ಟು ಇನ್ನೂ ಏರುತ್ತದೆ!

ಹಾಗಾಗಿ ತಯಾರಿಸುವವರು ಸುಮಾರು 1000 ಹರ್ಟ್ಸ್, ಅಂದರೆ ಸೆಕೆಂಡಿಗೆ 1000 ಕಂಪನ, ಅದರ ಹತ್ತಿರ ಬರುವಾಗಲೇ ಈ ಕ್ಯಾನ್ಸಲ್ ಮಾಡುವ ಕೆಲಸವನ್ನು ನಿಧಾನಕ್ಕೆ ಕೈಬಿಡುತ್ತಾರೆ. ಅದರ ಮೇಲಿನ ಸದ್ದನ್ನು ತಡೆಯುವುದು ಎಲೆಕ್ಟ್ರಾನಿಕ್ಸ್ ಅಲ್ಲ, ಕಿವಿಯ ಸುತ್ತ ಇರುವ ಮೆತ್ತೆ ಅಥವಾ ಬಡ್ಸ್ ತುದಿಯ ರಬ್ಬರ್. ಹತ್ತಿ ಇಟ್ಟುಕೊಂಡ ಹಾಗೆ, ಸುಮ್ನೆ ಅಡ್ಡ ನಿಲ್ಲುವುದು.

ನಿಮ್ಮ ಕೆಳಗಿನ ಜನರೇಟರ್ ನೋಡಿ. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಅದನ್ನು ಕೊಡಬೇಕಾದರೆ ಜನರೇಟರ್ ನಿಮಿಷಕ್ಕೆ 1500 ಇಲ್ಲವೇ 3000 ಸುತ್ತು ತಿರುಗಬೇಕು. ಅದೇ ವೇಗದಲ್ಲಿ, ಬಿಡದೆ. ಸೆಕೆಂಡಿಗೆ 25 ಅಥವಾ 50 ಸುತ್ತು. ಸದ್ದು ದಪ್ಪ, ಮುಂದೆ ಏನು ಬರುತ್ತದೆ ಅನ್ನುವುದೂ ಚಿಪ್‌ಗೆ ಗೊತ್ತು. ಹೆಡ್‌ಫೋನಿಗೆ ಇದಕ್ಕಿಂತ ಸುಲಭದ ಕೆಲಸ ಇಲ್ಲ.

ಅಜ್ಜಿಯ ಮಾತು ಹಾಗಲ್ಲ. ಅವರ ದನಿಯ ಬುಡ ಸುಮಾರು 200 ಹರ್ಟ್ಸ್‌ನಲ್ಲಿ ಇದ್ದರೂ ಮಾತು ಅರ್ಥವಾಗುವುದು ಸ, ಶ, ಚ, ಟ ಇಂಥ ಅಕ್ಷರಗಳಿಂದ. ಇವುಗಳ ಸದ್ದು ಎರಡು ಸಾವಿರ ಹರ್ಟ್ಸ್ ದಾಟಿ ಮೇಲೆ ಹೋಗುತ್ತದೆ. ಅಲ್ಲಿ ಎಎನ್‌ಸಿ ಇಲ್ಲ. ಜೊತೆಗೆ ಇನ್ನೊಂದು ಸಂಗತಿ. ಇಷ್ಟು ದಿನ ಜನರೇಟರಿನ ಗುಂಯ್ ಆ ಮಾತಿನ ಮೇಲೆ ಕಂಬಳಿ ಹೊದಿಸಿತ್ತು. ಹೆಡ್‌ಫೋನ್ ಕಂಬಳಿ ಎಳೆದುಬಿಟ್ಟಿತು. ಅದಕ್ಕೇ ಅಜ್ಜಿ ಮೊದಲಿಗಿಂತ ಚೆನ್ನಾಗಿ ಕೇಳಿಸಿದ್ದು.

ಮಾತು ಮುಚ್ಚಬೇಕು ಅಂದರೆ ಎಎನ್‌ಸಿ ಜೊತೆಗೆ ಮಳೆ ಸದ್ದನ್ನೋ ಫ್ಯಾನ್ ಸದ್ದನ್ನೋ ಮೆಲ್ಲಗೆ ಹಾಕಿಕೊಳ್ಳಿ. ಹೊಸ ಕಂಬಳಿ ಸಿಕ್ಕ ಹಾಗೆ ಆಗುತ್ತದೆ. ಟೈಲ್ಸ್ ಮಷೀನು, ಮಿಕ್ಸಿ ಎರಡೂ ಜಾಸ್ತಿ ಕೀರಲು ಸದ್ದಿನವು. ಅವಕ್ಕೆ ದಪ್ಪ ಮೆತ್ತೆಯೇ ಮದ್ದು.

ಕಾಫಿಗಿಡ

ಸರ್, ಹಾಗಾದರೆ ಕೋಣೆಯ ಮೂಲೆಯಲ್ಲಿ ಒಂದು ದೊಡ್ಡ ಸ್ಪೀಕರ್ ಇಟ್ಟು ಇಡೀ ಕೋಣೆಯನ್ನೇ ಸುಮ್ಮನಾಗಿಸಬಹುದಲ್ವಾ?

ಇನ್ನೊಂದು ವಿಷಯ. ಮೈಸೂರಿನಿಂದ ಹೈದರಾಬಾದಿಗೆ ಎಟಿಆರ್ ಅನ್ನುವ ಪ್ರೊಪೆಲರ್ ವಿಮಾನದಲ್ಲಿ ಓಡಾಡುತ್ತೇನೆ. ರೆಕ್ಕೆ ಪಕ್ಕದ ಸೀಟು ಸಿಕ್ಕಿದರೆ ಇಳಿದ ಮೇಲೂ ಒಂದು ಗಂಟೆ ತಲೆ ಧಿಂ ಅನ್ನುತ್ತಿತ್ತು. ಹೋದ ವರ್ಷ ಹೆಡ್‌ಫೋನ್ ತಗೊಂಡ ಮೇಲೆ ಅದು ನಿಂತಿದೆ. ಹಾಡೂ ಹಾಕುವುದಿಲ್ಲ, ಬರೀ ಎಎನ್‌ಸಿ ಆನ್ ಮಾಡಿ ಕಣ್ಣು ಮುಚ್ಚುತ್ತೇನೆ.

ಫಿಸಿಕ್ಸ್ ಮೇಷ್ಟ್ರು

ಎಟಿಆರ್-72ರ ಪ್ರೊಪೆಲರ್‌ಗೆ ಆರು ಅಲಗು. ಮೇಲೆ ಹಾರುವಾಗ ನಿಮಿಷಕ್ಕೆ ಸುಮಾರು 980 ಸುತ್ತು, ಅಂದರೆ ಸೆಕೆಂಡಿಗೆ 16ಕ್ಕಿಂತ ಸ್ವಲ್ಪ ಜಾಸ್ತಿ. ಆರರಿಂದ ಗುಣಿಸಿ. ಹತ್ತಿರ ಹತ್ತಿರ 100 ಹರ್ಟ್ಸ್. ನಿಮ್ಮ ತಲೆ ಧಿಂ ಅನ್ನಿಸುತ್ತಿದ್ದುದು ಆ ಗುಂಯ್. ಹೆಡ್‌ಫೋನ್ ಚೆನ್ನಾಗಿ ಹಿಡಿಯುವ ಜಾಗವೂ ಅದೇ.

ಕೋಣೆಯ ವಿಷಯ. ಎರಡು ಅಲೆ ಒಂದನ್ನೊಂದು ಸರಿಯಾಗಿ ಅಳಿಸುವುದು ಒಂದು ಸಣ್ಣ ಜಾಗದಲ್ಲಿ ಮಾತ್ರ. ಆ ಜಾಗ ಅಂದಾಜು ಅಲೆಯ ಉದ್ದದ ಹತ್ತನೇ ಒಂದು ಪಾಲು. 100 ಹರ್ಟ್ಸ್‌ಗೆ ಒಂದು ಅಡಿ ಸಿಗುತ್ತದೆ, 1000 ಹರ್ಟ್ಸ್‌ಗೆ ಒಂದೂಕಾಲು ಇಂಚು. ನೀವು ತಲೆ ಅಲ್ಲಾಡಿಸಿದರೆ ಸಾಕು, ಆಚೆ ಬಂದುಬಿಡುತ್ತೀರಿ. ಪಕ್ಕದಲ್ಲಿ ಕೂತವರಿಗೆ ಸದ್ದು ಜಾಸ್ತಿಯೂ ಆಗಬಹುದು. ಕಿವಿಯ ಹತ್ತಿರ ಅಳಿಸಬೇಕಾದ ಜಾಗವೇ ಚಿಕ್ಕದು. ಹೆಡ್‌ಫೋನ್ ಗೆದ್ದದ್ದು ಅಲ್ಲಿ.

ಆದರೂ ಪ್ರೊಪೆಲರ್ ಸದ್ದು ಒಂದೇ ಶ್ರುತಿಯಲ್ಲಿ ಇರುವುದರಿಂದ ವಿಮಾನದೊಳಗೆ ಇದನ್ನು ಮಾಡಿದ್ದಾರೆ. ಹುಬ್ಬಳ್ಳಿ, ಬೆಳಗಾವಿಗೆ ಸ್ಪೈಸ್‌ಜೆಟ್‌ನ ಕ್ಯೂ400 ಅನ್ನುವ ಪ್ರೊಪೆಲರ್ ವಿಮಾನ ಬರುತ್ತಿತ್ತಲ್ಲ, ಆ ಕ್ಯೂ ಅಂದರೆ ಕ್ವೈಯಟ್. ಒಳಗೆ ಮೈಕ್‌ಗಳು ಇರುತ್ತವೆ. ಸ್ಪೀಕರ್ ಬದಲು ವಿಮಾನದ ಮೈಯನ್ನೇ ಎದುರು ದಿಕ್ಕಿಗೆ ನಡುಗಿಸಿ ಗುಂಯ್ ಇಳಿಸುತ್ತಾರೆ.

ಈ ವಿದ್ಯೆ ಹೊಸದೂ ಅಲ್ಲ. ಜರ್ಮನಿಯ ಪಾಲ್ ಲ್ಯೂಗ್ 1933ರಲ್ಲೇ ಪೇಟೆಂಟ್‌ಗೆ ಅರ್ಜಿ ಹಾಕಿದ್ದರು. 1936ರಲ್ಲಿ ಅಮೆರಿಕದ ಪೇಟೆಂಟ್ ಬಂತು. ತಲೆಕೆಳಗಾದ ಅಲೆಯ ಚಿತ್ರವೂ ಅದರಲ್ಲಿದೆ. ಆದರೆ ವಾಲ್ವ್ ರೇಡಿಯೋ ಕಾಲದಲ್ಲಿ ಅಷ್ಟು ಚುರುಕಾಗಿ ತಿರುಗಿಸುವ ಎಲೆಕ್ಟ್ರಾನಿಕ್ಸ್ ಎಲ್ಲಿತ್ತು? 1950ರ ದಶಕದಲ್ಲಿ ಲಾರೆನ್ಸ್ ಫೋಗೆಲ್ ಹೆಲಿಕಾಪ್ಟರ್ ಪೈಲಟ್‌ಗಳ ಕಿವಿಗೆ ಇದನ್ನು ತರಲು ಯೋಚಿಸಿದರು. ಜನರ ಕೈಗೆ ಬಂದದ್ದು ಅಮರ್ ಬೋಸ್ ಅವರಿಂದ. ಬಂಗಾಳದಿಂದ ಅಮೆರಿಕಕ್ಕೆ ಹೋದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ, ಅಲ್ಲಿನ ಎಂಐಟಿ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರು. 1978ರಲ್ಲಿ ಯುರೋಪಿನಿಂದ ಬಾಸ್ಟನ್‌ಗೆ ಹಾರುವಾಗ ವಿಮಾನದವರು ಕೊಟ್ಟ ಹೆಡ್‌ಫೋನ್ ಹಾಕಿದರು. ಎಂಜಿನ್ ಸದ್ದಿನಲ್ಲಿ ಸಂಗೀತ ಕೇಳಿಸಲಿಲ್ಲ. ಇಳಿಯುವಷ್ಟರಲ್ಲಿ ಲೆಕ್ಕ ಹಾಕಿಟ್ಟಿದ್ದರು. ಪೈಲಟ್‌ಗಳಿಗೆ ಮಾರುವ ಹೆಡ್‌ಸೆಟ್ ಬಂದದ್ದು 1989ರಲ್ಲಿ, ನಮ್ಮಂಥ ಪ್ರಯಾಣಿಕರಿಗೆ 2000ದಲ್ಲಿ. ಒಂದು ಹಾರಾಟದ ಲೆಕ್ಕ ಅಂಗಡಿಗೆ ಬರಲು ಇಪ್ಪತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು ಅನ್ನುವುದನ್ನು ನಾನು ಮಕ್ಕಳಿಗೆ ತಪ್ಪದೆ ಹೇಳುತ್ತೇನೆ.

ಪುಟ್ಟನ ಅಮ್ಮ

ನನ್ನ ಮಗನಿಗೆ ಒಂಬತ್ತು ವರ್ಷ, ಆಟಿಸಂ ಇದೆ. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಹೋಗಿಬಿಡುತ್ತಿದ್ದ. ಪಾಪ ಮಗು ಅಂತ ಸಾಲ ಮಾಡಿ ಎಎನ್‌ಸಿ ಹೆಡ್‌ಫೋನ್ ತಂದೆವು. ಊರ ಜಾತ್ರೆಗೆ ಹಾಕಿ ಕರೆದುಕೊಂಡು ಹೋದೆ. ತೇರಿನ ಮುಂದೆ ಡೊಳ್ಳು, ಪಟಾಕಿ. ಒಂದೇ ನಿಮಿಷ, ಹೆಡ್‌ಫೋನ್ ಕಿತ್ತೆಸೆದು ಅಳಲು ಶುರು ಮಾಡಿದ. ಮೇಷ್ಟ್ರು ಬರೆದದ್ದು ಓದಿದ ಮೇಲೆ ಈಗ ಅರ್ಥವಾಗ್ತಿದೆ. ಪಟಾಕಿ ಸದ್ದು ಫಟ್ ಅಂತ ಬಂದು ಹೋಗುತ್ತದೆ, ಅದನ್ನು ಹಿಡಿಯಲು ಆಗುವುದಿಲ್ಲ ಅಲ್ವಾ?

ನಮ್ಮ ಥೆರಪಿಸ್ಟ್ ಮೇಡಂ ಸಾದಾ ಇಯರ್‌ಮಫ್ ತೋರಿಸಿದರು. ಕಾರ್ಖಾನೆಯವರು ಹಾಕುತ್ತಾರಲ್ಲ, ಅಂಥದ್ದೇ, ಮಕ್ಕಳ ಅಳತೆಯದು. ಬ್ಯಾಟರಿಯೇ ಇಲ್ಲ. ಜಾತ್ರೆ, ಮದುವೆ ಮನೆಗೆ ಅದು. ಬಸ್ಸಿಗೆ, ಫ್ರಿಜ್ ಸಾಲು ಇರುವ ದೊಡ್ಡ ಅಂಗಡಿಗೆ ಎಎನ್‌ಸಿ. ಮನೆಯಲ್ಲಿ ದಿನವಿಡೀ ಎರಡೂ ಬೇಡ ಅಂತಲೂ ಹೇಳಿದರು. ಯಾವಾಗಲೂ ಮುಚ್ಚಿಟ್ಟರೆ ಕಿವಿ ಸಣ್ಣ ಸದ್ದಿಗೂ ಬೆಚ್ಚಲು ಶುರುವಾಗುತ್ತದಂತೆ. ಈಗ ಕುಕ್ಕರ್ ಇಡುವ ಮುಂಚೆ ಅವನಿಗೆ ಹೇಳುತ್ತೇನೆ. ತಾನೇ ಹೋಗಿ ಮಫ್ ತಂದು ಹಾಕಿಕೊಂಡು, ಮೂರು ಸೀಟಿ ಬೆರಳಲ್ಲಿ ಎಣಿಸುತ್ತಾನೆ.

ಮೈಕ್‌ಸೆಟ್ ಮಾವ

ನೀವು ಹೇಳಿದ್ದು ಸರಿ ಅಮ್ಮಾ. ಡೊಳ್ಳಿನ ಪೆಟ್ಟು, ಪಟಾಕಿ, ಬಾಗಿಲು ಬಡಿಯುವುದು, ಇವೆಲ್ಲ ಬಂದು ಮುಗಿದಿರ್ತವೆ. ಬಿಡದೆ ಬರುವ ಸದ್ದಿಗೆ ಎಎನ್‌ಸಿ, ಬಡಿಯುವ ಸದ್ದಿಗೆ ಮೆತ್ತೆ.

ಬನಹಟ್ಟಿ ಮಗ್ಗ

ನಮಸ್ಕಾರ್ರಿ. ಎಲ್ಲಾ ಓದಿದೆ. ನಮ್ಮದು ಪವರ್‌ಲೂಮ್ ಮನೆತನ. ಮನೆಗೆ ಹತ್ತಿದ ಶೆಡ್ಡಿನಲ್ಲಿ ನಾಲ್ಕು ಮಗ್ಗ. ಅಪ್ಪ ನಲವತ್ತು ವರ್ಷ ಅದರ ನಡುವೆ ನಿಂತರು. ಈಗ ಮೊಮ್ಮಗಳು ಪಕ್ಕದಲ್ಲಿ ಕೂತು ಕರೆದರೂ ಅವರಿಗೆ ಕೇಳುವುದಿಲ್ಲ. ಗಂಡಸರ ದನಿ ಅಷ್ಟಿಷ್ಟು ಕೇಳುತ್ತದೆ, ಮಕ್ಕಳ ದನಿ ಇಲ್ಲ. ಅಣ್ಣ ಈಗ ಅದೇ ಜಾಗದಲ್ಲಿ ನಿಂತಿದ್ದಾನೆ. ಅವನಿಗೆ ಒಂದು ಒಳ್ಳೆ ಎಎನ್‌ಸಿ ಕೊಡಿಸೋಣ ಅಂತ ದುಡ್ಡು ಕೂಡಿಸುತ್ತಿದ್ದೆ. ಮೋಟಾರ್ ಗುಂಯ್ ಹೋಗಬಹುದು, ಆದರೆ ಅಡ್ಡನೂಲು ಹೊತ್ತು ಓಡುವ ಲಾಳಿ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಎರಡೂ ಕಡೆ ಬಡಿಯುತ್ತದೆ. ಅದಕ್ಕೇನು ಮಾಡಬೇಕ್ರಿ? ಮೊಬೈಲ್ ಆ್ಯಪಿನಲ್ಲಿ ಸದ್ದು ಅಳೆದು ನೋಡಿದರೆ 97 ಡೆಸಿಬೆಲ್ ತೋರಿಸಿತು.

ಫಿಸಿಕ್ಸ್ ಮೇಷ್ಟ್ರು

ದಯವಿಟ್ಟು ಆ ದುಡ್ಡು ಎಎನ್‌ಸಿಗೆ ಹಾಕಬೇಡಿ.

ಮೊಬೈಲ್ ಆ್ಯಪ್ ಅಂಕಿಯನ್ನು ಆಚೀಚೆ ತೋರಿಸಬಹುದು, ಆದರೆ ಮಗ್ಗದ ಶೆಡ್ಡಿನಲ್ಲಿ 90 ದಾಟುವುದು ಮಾಮೂಲು. ಕೆಲಸ ಮಾಡುವವರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕ ಹೀಗಿದೆ. ಬರಿಗಿವಿಯಲ್ಲಿ 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ. ಅಲ್ಲಿಂದ 3 ಏರಿದಂತೆಲ್ಲ ಹೊತ್ತು ಅರ್ಧ ಆಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1. ನಿಮ್ಮ 97ಕ್ಕೆ ಅರ್ಧ ಗಂಟೆ. ನಿಮ್ಮ ಅಣ್ಣ ಲಾಳಿಗೆ ಕೆಲವು ಕಂಡಿಕೆ, ಅಂದರೆ ನೂಲಿನ ಸುರುಳಿ, ಹಾಕುವಷ್ಟರಲ್ಲಿ ಆ ದಿನದ ಲೆಕ್ಕ ಮುಗಿದಿರುತ್ತದೆ.

ಹಾಡು ಕೇಳುವ ಹೆಡ್‌ಫೋನ್ ಎಷ್ಟೇ ದುಬಾರಿ ಇರಲಿ, ಸಾಮಾನ್ಯವಾಗಿ ಅದು ಕಿವಿ ಕಾಯುವ ಸಾಧನ ಅಂತ ಪರೀಕ್ಷೆಯಾಗಿ ಬಂದಿರುವುದಿಲ್ಲ. ಇಯರ್‌ಮಫ್ ತಗೊಳ್ಳಿ. ಸದ್ದು ಎಷ್ಟು ಇಳಿಸುತ್ತದೆ ಅಂತ ಹೇಳುವ ಒಂದು ಅಂಕಿ, ಎನ್‌ಆರ್‌ಆರ್ ಅಥವಾ ಎಸ್‌ಎನ್‌ಆರ್ ಅಂತ, ಡಬ್ಬಿಯ ಮೇಲೆ ಇರಬೇಕು. 25ರ ಆಸುಪಾಸಿನದು ನೋಡಿ. ಹೆಡ್‌ಫೋನಿಗೆ ಕೂಡಿಸಿದ ದುಡ್ಡಿನಲ್ಲಿ ಮನೆಮಂದಿಗೆಲ್ಲ ಬರುತ್ತದೆ. ಸೆಕೆಗೆ ಮಫ್ ಆಗದಿದ್ದರೆ ಫೋಮ್ ಇಯರ್‌ಪ್ಲಗ್. ಬೆರಳಲ್ಲಿ ಬತ್ತಿಯ ಹಾಗೆ ಹೊಸೆದು, ಕಿವಿಯನ್ನು ಮೇಲಕ್ಕೆ ಎಳೆದು ಒಳಗೆ ಇಟ್ಟು, ಉಬ್ಬುವವರೆಗೆ ಒತ್ತಿ ಹಿಡಿಯಬೇಕು. ಅರ್ಧ ಹೊರಗೆ ನಿಂತರೆ ಉಪಯೋಗ ಇಲ್ಲ. ಅಣ್ಣನಿಗೆ ಒಮ್ಮೆ ಕಿವಿ ಡಾಕ್ಟರ್ ಹತ್ತಿರ ಆಡಿಯೋಮೆಟ್ರಿ, ಅಂದರೆ ಕಿವಿ ಎಷ್ಟು ಕೇಳುತ್ತದೆ ಅನ್ನುವ ಪರೀಕ್ಷೆ, ಮಾಡಿಸಿ. ಅಪ್ಪನವರನ್ನೂ ಕರೆದುಕೊಂಡು ಹೋಗಿ. ಇಂಥ ಕಿವಿ ಮೊದಲು ಕಳೆದುಕೊಳ್ಳುವುದು ಕೀರಲು ಸದ್ದನ್ನು, ಅದಕ್ಕೇ ಮಗುವಿನ ದನಿ ತಪ್ಪುತ್ತಿರುವುದು. ಹಿಯರಿಂಗ್ ಏಡ್‌ನಿಂದ ಅವರಿಗೂ ಅನುಕೂಲ ಆಗಬಹುದು.

ರಾತ್ರಿಪಾಳಿ

ನಾನು ಡಬ್ಲಿನ್‌ನಲ್ಲಿ ನರ್ಸ್, ಉಡುಪಿ ಕಡೆಯವಳು. ಹಗಲು ಮಲಗಬೇಕು. ಹೀಟರ್ ಗುಂಯ್, ರಸ್ತೆಯ ಬಸ್ಸು, ಎರಡಕ್ಕೂ ಎಎನ್‌ಸಿ ಬಡ್ಸ್ ಚೆನ್ನಾಗಿದೆ. ಮಕ್ಕಳ ಅಳುವನ್ನು ನಿಲ್ಲಿಸುವುದಿಲ್ಲ, ಅದು ಕೀರಲು ಸದ್ದು. ವಿಮಾನದಲ್ಲಿ ಮಗು ಅಳುವುದು ಕೇಳಬಾರದು ಅಂತ ಕೊಳ್ಳುವವರಿಗೆ ಇದು ಗೊತ್ತಿರಲಿ.

ಶುರುವಿನಲ್ಲಿ ಆನ್ ಮಾಡಿದಾಗ ಕಿವಿ ಕಟ್ಟಿದ ಹಾಗೆ ಆಗುತ್ತಿತ್ತು, ಘಾಟಿ ಹತ್ತುವಾಗ ಆಗುತ್ತದಲ್ಲ ಹಾಗೆ. ನಿಜಕ್ಕೂ ಒತ್ತಡ ಏನೂ ಇಲ್ಲ. ದಪ್ಪ ಸದ್ದು ಒಮ್ಮೆಗೇ ಇಲ್ಲವಾದರೆ ಮಿದುಳಿಗೆ ಹಾಗೆ ಅನಿಸುತ್ತದೆ. ಕೆಲವರಿಗೆ ಎರಡು ದಿನದಲ್ಲಿ ಅಭ್ಯಾಸ ಆಗುತ್ತದೆ, ಕೆಲವರಿಗೆ ಆಗುವುದೇ ಇಲ್ಲ. ಅಂಥವರು ಎಎನ್‌ಸಿ ಕಮ್ಮಿ ಇಟ್ಟುಕೊಳ್ಳಿ. ಕಿವಿಯೊಳಗೆ ಮೊದಲೇ ಕುಂಯ್ ಸದ್ದು ಇರುವವರಿಗೆ ಸುತ್ತಲಿನ ಸದ್ದು ಹೋದಾಗ ಆ ಕುಂಯ್ ಇನ್ನೂ ಎದ್ದು ಕೇಳುತ್ತದೆ. ನನ್ನ ಜೊತೆ ಕೆಲಸ ಮಾಡುವವರೊಬ್ಬರು ಇದೇ ಕಾರಣಕ್ಕೆ ವಾಪಸ್ ಕೊಟ್ಟರು.

ನನಗೆ ಆದ ದೊಡ್ಡ ಲಾಭ ಬೇರೆ. ಮೊದಲು ಬಸ್ಸಿನ ಸದ್ದಿನ ಮೇಲೆ ಹಾಡು ಕೇಳಲು ವಾಲ್ಯೂಮ್ ಕೊನೆಯವರೆಗೂ ಏರಿಸುತ್ತಿದ್ದೆ. ಈಗ ಅರ್ಧಕ್ಕೂ ಕೆಳಗೆ ಸಾಕು.

ಕಾಫಿಗಿಡ

ಸ್ಕೂಟರ್ ಓಡಿಸುವಾಗ, ರಸ್ತೆ ದಾಟುವಾಗ, ರೈಲು ಹಳಿ ಹತ್ತಿರ ಮಾತ್ರ ಎಎನ್‌ಸಿ ಬೇಡವೇ ಬೇಡ. ದೂರದಿಂದ ಬರುವ ಲಾರಿಯ ಗುಡುಗು ಅದು ಮೊದಲು ಅಳಿಸುವ ಸದ್ದು.

ಮೈಕ್‌ಸೆಟ್ ಮಾವ

ನೀಲಿಕೊಡೆ ತಂಗಿ, ಅಂಗಡಿಯಲ್ಲಿ ಹಾಡು ಹಾಕಿ ತೋರಿಸುತ್ತಾರೆ, ಅದನ್ನು ನಂಬಬೇಡ. ಹಾಡು ನಿಲ್ಲಿಸಲು ಹೇಳು. ಎಸಿ ಅಥವಾ ಫ್ಯಾನ್ ಕೆಳಗೆ ನಿಂತು ಎಎನ್‌ಸಿ ಆನ್ ಮಾಡು, ಆಫ್ ಮಾಡು. ವ್ಯತ್ಯಾಸ ಅಲ್ಲೇ ಗೊತ್ತಾಗ್ತದೆ. ಕನ್ನಡಕ ಇದ್ದರೆ ಕನ್ನಡಕ ಹಾಕಿಕೊಂಡೇ ನೋಡು. ಕಡ್ಡಿಯ ಹತ್ತಿರ ಮೆತ್ತೆ ಎದ್ದರೆ ಅಲ್ಲಿಂದ ಗುಂಯ್ ಒಳಗೆ ಬರ್ತದೆ. ಜುಮುಕಿ, ದಪ್ಪ ಓಲೆ, ಕಿವಿ ಮೇಲೆ ಬಿದ್ದ ಕೂದಲು, ಎಲ್ಲ ಹಾಗೇ.

ನೀಲಿಕೊಡೆ

ಮಾವ, ಇವತ್ತು ಮೂರು ಅಂಗಡಿ ಸುತ್ತಿದೆ. ಎಸಿ ಕೆಳಗೆ ನಿಂತು ಏಳು ಹೆಡ್‌ಫೋನ್ ನೋಡಿದೆ, ಹಾಡು ಇಲ್ಲದೆ. ₹20,000 ಬೇಕಾಗಲಿಲ್ಲ. ₹8,000ದ ಒಂದು ಕಿವಿ ಪೂರ್ತಿ ಮುಚ್ಚುವಂಥದ್ದು, ಕನ್ನಡಕದ ಮೇಲೂ ಸರಿ ಕೂರುತ್ತದೆ. ಸಂಜೆ ಕರೆಂಟ್ ಹೋಯಿತು. ಕಿಟಕಿಯ ಗಾಜಿಗೆ ಕೈ ಇಟ್ಟೆ, ನಡುಗುತ್ತಿತ್ತು. ಜನರೇಟರ್ ಶುರುವಾಗಿದೆ ಅಂತ ಅದರಿಂದಲೇ ಗೊತ್ತಾಯಿತು. ಅಜ್ಜಿಯ ಮಾತಿಗೆ ಮೇಷ್ಟ್ರು ಹೇಳಿದ ಹಾಗೆ ಮಳೆ ಸದ್ದು ಹಾಕಿದ್ದೇನೆ. ಕಾಲ್‌ಗೆ ಹಳೆಯ ಬಡ್ಸ್ ಇಟ್ಟುಕೊಂಡಿದ್ದೇನೆ.

ಬನಹಟ್ಟಿ ಮಗ್ಗ

ಮೇಷ್ಟ್ರ, ಮಫ್ ಬಂತ್ರಿ. ಅಣ್ಣ ಮೊದಲ ದಿನ ಬೇಡ ಅಂದ, ಮಗ್ಗದ ಸದ್ದು ಕೇಳದಿದ್ದರೆ ದಾರ ಕಡಿದದ್ದು ಹೇಗೆ ಗೊತ್ತಾಗಬೇಕು ಅಂತ. ಹಾಕಿಕೊಂಡು ನೋಡು ಅಂದೆ. ಲಾಳಿ ಬಡಿತ ಸಣ್ಣದಾಗಿ ಕೇಳುತ್ತದೆ, ತಾಳ ತಪ್ಪಿದರೆ ಗೊತ್ತಾಗುತ್ತದೆ ಅಂತ ಅವನೇ ಹೇಳಿದ. ಇವತ್ತಿಗೆ ಆರು ದಿನ, ಹಾಕಿಕೊಂಡೇ ನಿಂತಿದ್ದಾನೆ. ಕಂಡಿಕೆ ಸುತ್ತುವ ಅತ್ತಿಗೆಗೆ ಇನ್ನೊಂದು ಹೇಳಿದ್ದೇನೆ. ಸೋಮವಾರ ಅಪ್ಪನ್ನ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗುವುದು.